ಹಠ ಹಿಡಿದ ಡಿಫರೆನ್ಷಿಯಲ್ ಪ್ಲಗ್‌ಗಳನ್ನು ಮನೆಯಲ್ಲೇ ಕಳಚುವ ಕ್ರಮ

ಎಂಜಿನ್ನಿನ ಶಕ್ತಿಯನ್ನು ಎಡಬಲದ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಹಿಂಬದಿಯ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ ಹೊಸ ಎಣ್ಣೆ ಹಾಕುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮೊದಲು, ಎಣ್ಣೆಯ ತೂತುಗಳನ್ನು ಮುಚ್ಚಿರುವ ಎರಡು ಪ್ಲಗ್‌ಗಳನ್ನು ಕಳಚಬೇಕು. ನಾಲ್ಕೈದು ಮಳೆಗಾಲ ಕಂಡ ಗಾಡಿಯಾದರೆ ಆ ಎರಡಕ್ಕೇ ಎರಡು ದಿನ ಹಿಡಿಯಬಹುದು. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಡಿಫರೆನ್ಷಿಯಲ್ ಕಡೆಗೆ ವರ್ಷಗಟ್ಟಲೆ ನೋಡುವುದಿಲ್ಲವಾದ್ದರಿಂದ, ಮನೆಯಲ್ಲಿ ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕುವವರಿಗೆ ಎದುರಾಗುವುದು ಕಾರ್ಖಾನೆಯಿಂದ ಹೊರಟ ದಿನದಿಂದ ಅಲುಗದ ಪ್ಲಗ್, ಇಲ್ಲವೇ ಹಿಂದೆ ಯಾರೋ ಗಾಳಿಯ ಗನ್ನಿನಿಂದ ಮಿತಿಮೀರಿ ಬಿಗಿದಿಟ್ಟ ಪ್ಲಗ್. ಅಂಥ ಪ್ಲಗ್‌ನ ಮೂಲೆ ಸವೆಸದೆ, ಹೌಸಿಂಗ್ (ಹೊರಗಿನ ಲೋಹದ ಕವಚ) ಒಡೆಯದೆ, ಮುಖ್ಯವಾಗಿ ನಿಮ್ಮ ಕೈಕಾಲಿಗೆ ಪೆಟ್ಟಾಗದೆ ಅದನ್ನು ಹೊರತೆಗೆಯುವ ಕ್ರಮವನ್ನು ಇಲ್ಲಿ ಹೇಳಿದ್ದೇನೆ.

ಈ ಮಾತು ಯಾವ ಗಾಡಿಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬೊಲೆರೊ, ಸ್ಕಾರ್ಪಿಯೊ, ಸುಮೊ, ಕ್ವಾಲಿಸ್, ಇನ್ನೋವಾ ಕ್ರಿಸ್ಟಾ, ಓಮ್ನಿ, ಈಕೊ ಮುಂತಾದ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಭಾಗವೇ ಡಿಫರೆನ್ಷಿಯಲ್ ಹೌಸಿಂಗ್. ಜಿಪ್ಸಿ, ಜಿಮ್ನಿ, ಥಾರ್‌ನಂಥ ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಮುಂದೆಯೂ ಒಂದು ಇರುತ್ತದೆ. ಸ್ವಿಫ್ಟ್, ಐ20 ಮುಂತಾದ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಅಡಗಿರುವುದರಿಂದ ಪ್ರತ್ಯೇಕ ಪ್ಲಗ್ ಇಲ್ಲ. ಆದರೆ ಅವುಗಳ ಗೇರ್‌ಬಾಕ್ಸ್ ಪ್ಲಗ್ ಕಚ್ಚಿಕೊಂಡಾಗಲೂ ಮುಂದೆ ಹೇಳುವ ವಿಧಾನಗಳಲ್ಲಿ ಹೆಚ್ಚಿನವು ಉಪಯೋಗಕ್ಕೆ ಬರುತ್ತವೆ.

ಮೊದಲು ಮೇಲಿನ ಪ್ಲಗ್

ಹೌಸಿಂಗ್‌ನ ತಳದಲ್ಲಿರುವುದು ಎಣ್ಣೆ ಬಸಿಯುವ ಡ್ರೈನ್ ಪ್ಲಗ್. ಪಕ್ಕದಲ್ಲಿ, ಸುಮಾರು ಅರ್ಧ ಎತ್ತರದಲ್ಲಿರುವುದು ಎಣ್ಣೆ ತುಂಬುವ ಫಿಲ್ಲರ್ ಪ್ಲಗ್. ಎಣ್ಣೆಯ ಮಟ್ಟ ನೋಡುವುದೂ ಇದೇ ತೂತಿನಿಂದಲೇ ಆದ್ದರಿಂದ ಗ್ಯಾರೇಜಿನವರು ಇದನ್ನು ಲೆವೆಲ್ ಪ್ಲಗ್ ಎಂದೂ ಕರೆಯುತ್ತಾರೆ. ಈ ಇಡೀ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಫಿಲ್ಲರ್ ಪ್ಲಗ್ ಕಳಚಿ ಕೈಗೆ ಬರುವವರೆಗೆ ಡ್ರೈನ್ ಪ್ಲಗ್‌ಗೆ ಸ್ಪ್ಯಾನರ್ ಹಚ್ಚಲೇಬಾರದು. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯನ್ನೆಲ್ಲ ಬಸಿದ ಮೇಲೆ ಮೇಲಿನದು ಬರದೆ ಹೋದರೆ ಹೊಸ ಎಣ್ಣೆ ಹಾಕುವ ದಾರಿ ಮುಚ್ಚಿಹೋಗುತ್ತದೆ. ಒಳಗಿನ ಗೇರುಗಳಾದ ಕ್ರೌನ್ ಮತ್ತು ಪಿನಿಯನ್ ಒಣಗಿರುವ ಗಾಡಿಯನ್ನು ಪಕ್ಕದ ಬೀದಿಯ ಗ್ಯಾರೇಜಿಗೂ ಓಡಿಸಿಕೊಂಡು ಹೋಗಲಾಗದು. ಮೇಲಿನದು ಬರದಿದ್ದರೂ ಕೆಳಗಿನದನ್ನು ಮುಟ್ಟದೆ ಬಿಟ್ಟಿದ್ದರೆ ಮಾತ್ರ ಹಳೆಯ ಎಣ್ಣೆಯಲ್ಲೇ ಗಾಡಿ ಓಡಿಸಿಕೊಂಡು ಹೋಗಿ ಬೇರೆಯವರ ನೆರವು ಪಡೆಯಬಹುದು.

ಕುಂದಾಪುರದಲ್ಲಿದ್ದ ದಿನಗಳಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಗಾಡಿ ಹಾಯಿಸಿದ್ದರಿಂದ ಹಿಂದಿನ ಡಿಫರೆನ್ಷಿಯಲ್‌ಗೆ ನೀರು ಸೇರಿರಬಹುದೆಂಬ ಅನುಮಾನವಿತ್ತು. ಕೆಳಗಿನ ಪ್ಲಗ್ ಸಲೀಸಾಗಿ ಬಂತು. ಹಾಲು ಬೆರೆಸಿದ ಕಾಫಿಯ ಬಣ್ಣದ ಎಣ್ಣೆಯೂ ಬಂತು. ಮೇಲಿನದರ ಚೌಕ ತೂತನ್ನು ಹಿಂದೊಮ್ಮೆ ಯಾವುದೋ ಗ್ಯಾರೇಜಿನಲ್ಲಿ ಅಳತೆ ತಪ್ಪಿದ ಕೀಲಿ ಹಾಕಿ ಸವೆಸಿದ್ದರು. ಗಾಡಿ ನಾಲ್ಕು ದಿನ ಅಂಗಳದಲ್ಲೇ ನಿಂತಿತು. ಆಗ ಕಲಿತದ್ದನ್ನು ಈಗಲೂ ಬಿಟ್ಟಿಲ್ಲ.

ಪ್ಲಗ್ ಏಕೆ ಕಚ್ಚಿಕೊಳ್ಳುತ್ತದೆ

ಕಾರಣ ತಿಳಿದರೆ ಯಾವ ಉಪಾಯ ಮೊದಲು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಪ್ಲಗ್‌ನ ತಿರುಪು ಸುತ್ತುಗಳ, ಅಂದರೆ ಥ್ರೆಡ್‌ನ, ಒಳತುದಿ ಸದಾ ಎಣ್ಣೆಯಲ್ಲೋ ಎಣ್ಣೆಯ ಹಬೆಯಲ್ಲೋ ಇರುವುದರಿಂದ ಅಲ್ಲಿ ತುಕ್ಕು ಹಿಡಿಯುವುದು ಅಪರೂಪ. ತುಕ್ಕು ಹೊರಗಿನ ಒಂದೆರಡು ಸುತ್ತಿನಲ್ಲಿ ಮತ್ತು ಪ್ಲಗ್‌ನ ತಲೆ ಹೌಸಿಂಗ್‌ಗೆ ತಾಗುವ ಅಂಚಿನಲ್ಲಿ ಇರುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗಿಂತಲೂ ಹೆಚ್ಚುವುದರಿಂದ, ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಅದು ಬೆಣೆ ಹೊಡೆದಂತೆ ಕೂರುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಉಪ್ಪಿನ ಗಾಳಿಯೂ ಸೇರಿ ಇದು ಇನ್ನಷ್ಟು ಬೇಗ ಆಗುತ್ತದೆ. ಬಯಲುಸೀಮೆಯ ಗಾಡಿಗಳಲ್ಲಿ ತುಕ್ಕಿಗಿಂತ ಗಟ್ಟಿಯಾದ ಕೆಸರಿನ ಕಾಟವೇ ಹೆಚ್ಚು. ಹೌಸಿಂಗ್ ಅಲ್ಯೂಮಿನಿಯಂನದಾಗಿದ್ದು ಪ್ಲಗ್ ಉಕ್ಕಿನದಾಗಿದ್ದರೆ, ಎರಡು ಲೋಹಗಳ ನಡುವೆ ನೀರು ಸೇರಿದಾಗ ಅಲ್ಯೂಮಿನಿಯಂ ಕೊರೆದು ಬಿಳಿಯ ಪುಡಿಯಾಗಿ ಥ್ರೆಡ್‌ಗಳ ನಡುವೆ ತುಂಬಿಕೊಳ್ಳುತ್ತದೆ. ಇದು ಕಬ್ಬಿಣದ ತುಕ್ಕಿಗಿಂತ ಹಠಮಾರಿ.

ಇನ್ನೊಂದು ಕಾರಣ ಪ್ಲಗ್‌ನ ಆಕಾರದಲ್ಲೇ ಇದೆ. ಕೆಲವು ಪ್ಲಗ್‌ಗಳ ಥ್ರೆಡ್ ನೇರವಾಗಿದ್ದು, ತಲೆಯ ಕೆಳಗೆ ಇಟ್ಟ ತಾಮ್ರದ ಅಥವಾ ಅಲ್ಯೂಮಿನಿಯಂನ ವಾಷರ್ ಎಣ್ಣೆ ಸೋರದಂತೆ ತಡೆಯುತ್ತದೆ. ಇನ್ನು ಕೆಲವದರಲ್ಲಿ ತಲೆಯೇ ಇಲ್ಲ. ನೀರಿನ ಪೈಪಿನ ಥ್ರೆಡ್‌ನಂತೆ ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಈ ಪ್ಲಗ್ ಬಿಗಿದಷ್ಟೂ ಬೆಣೆಯಂತೆ ಒಳಸೇರಿ ತಾನೇ ಸೀಲ್ ಆಗುತ್ತದೆ. ಎರಡನೆಯ ಜಾತಿಯದನ್ನು ಸಡಿಲಿಸುವುದು ಹೆಚ್ಚು ಕಷ್ಟ, ಆದರೆ ಅದರಲ್ಲೊಂದು ಸಮಾಧಾನವಿದೆ: ಕಾಲು ಸುತ್ತು ಅಲುಗಿತೆಂದರೆ ಮುಂದೆ ಬೆರಳಿನಲ್ಲೇ ತಿರುಗಿಸಬಹುದು.

ಗಾಡಿಯನ್ನು ನಿಲ್ಲಿಸುವ ಬಗೆ

ಹಠದ ಪ್ಲಗ್‌ಗೆ ಬಲ ಹಾಕುವಾಗ ನೀವು ಎಳೆಯುವುದು ಗಾಡಿಯನ್ನೇ. ಜಾಕ್ ಮೇಲೆ ನಿಂತ ಗಾಡಿಯ ಅಡಿಯಲ್ಲಿ ಮಲಗಿ ಉದ್ದನೆಯ ಬಾರನ್ನು ಪಕ್ಕಕ್ಕೆ ಜಗ್ಗುವುದಕ್ಕಿಂತ ಅಪಾಯದ ಕೆಲಸ ಮನೆಯ ರಿಪೇರಿಯಲ್ಲಿ ಇನ್ನೊಂದಿಲ್ಲ. ಬೊಲೆರೊ, ಜಿಪ್ಸಿಯಂಥ ಎತ್ತರದ ಗಾಡಿಗಳನ್ನು ಎತ್ತುವ ಅಗತ್ಯವೇ ಇಲ್ಲ. ನಾಲ್ಕೂ ಚಕ್ರಗಳು ನೆಲದ ಮೇಲೆ ಇರುವಾಗಲೇ ಒಳಗೆ ನುಸುಳಬಹುದು, ಎಣ್ಣೆಯ ಮಟ್ಟ ನೋಡಲೂ ಗಾಡಿ ಸಮತಟ್ಟಾಗಿರಬೇಕು. ಹತ್ತಿರದಲ್ಲಿ ಪಿಟ್ ಅಥವಾ ರ‍್ಯಾಂಪ್ ಇದ್ದು ಒಂದು ಗಂಟೆಗೆ ಬಿಟ್ಟುಕೊಡುವವರಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಎತ್ತಲೇಬೇಕಾದ ಗಾಡಿಯಾದರೆ ಗಟ್ಟಿ ನೆಲದ ಮೇಲೆ, ತೂಕಕ್ಕೆ ತಕ್ಕ ಆಕ್ಸಲ್ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ನೆಲದಲ್ಲಿ ಉಳಿದ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದರಿಂದ, ಹಿಂಭಾಗವನ್ನು ಎತ್ತಿದ ಮೇಲೆ ಅದನ್ನು ನಂಬಿ ಉಪಯೋಗವಿಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಕಲ್ಲಿನ ರಾಶಿ ಇವುಗಳ ಮೇಲೆ ಗಾಡಿ ನಿಲ್ಲಿಸಬಾರದು. ಸಿಮೆಂಟ್ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಅಡಿಗೆ ಹೋಗುವ ಮುನ್ನ ಗಾಡಿಯನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ. ಅಲುಗಿದರೆ ಮತ್ತೆ ಇಳಿಸಿ ಮೊದಲಿನಿಂದ ನಿಲ್ಲಿಸಿ.

ಕಣ್ಣಿಗೆ ಕನ್ನಡಕ ಬೇಕೇಬೇಕು. ಮಲಗಿ ಮೇಲೆ ನೋಡುತ್ತ ತುಕ್ಕು ಕೆರೆಯುವಾಗ ಪುಡಿ ನೇರವಾಗಿ ಕಣ್ಣಿಗೇ ಬೀಳುತ್ತದೆ. ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಿನಲ್ಲೇ ಈ ಕೆಲಸ ಮಾಡಿ.

ಸ್ವಚ್ಛತೆ ಮತ್ತು ಸರಿಯಾದ ಹಿಡಿತ

ಪ್ಲಗ್ ಬರದಿರುವ ಹತ್ತು ಸಂದರ್ಭಗಳಲ್ಲಿ ಹೆಚ್ಚಿನವುಗಳಿಗೆ ಕಾರಣ ಬಲ ಸಾಲದಿರುವುದಲ್ಲ, ಸಾಧನ ಸರಿಯಾಗಿ ಕೂರದಿರುವುದು ಎಂದು ನನ್ನ ಅನುಭವ ಹೇಳುತ್ತದೆ. ಆದ್ದರಿಂದ ಈ ಹಂತದಲ್ಲಿ ಎಷ್ಟು ಹೊತ್ತು ಹೋದರೂ ಅದು ವ್ಯರ್ಥವಲ್ಲ. ಮೊದಲು ಪ್ಲಗ್‌ನ ಸುತ್ತ ಒಂದು ಗೇಣು ಅಗಲದಷ್ಟು ಜಾಗವನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ಬಟ್ಟೆಯಿಂದ ಒರೆಸಿ. ಪ್ಲಗ್ ತೆಗೆದಾಗ ಈ ಮಣ್ಣು ಒಳಗೆ ಹೋಗದಂತೆ ತಡೆಯುವುದಕ್ಕೂ ಇದು ಬೇಕು.

ಒಳಗೆ ತೂತಿರುವ ಪ್ಲಗ್ ಆದರೆ, ಅದು ಚೌಕವಾಗಿರಲಿ ಆರು ಮೂಲೆಯ ಆಲನ್ ತೂತಾಗಿರಲಿ, ಅದರ ತಳದಲ್ಲಿ ವರ್ಷಗಳ ಕೆಸರು ಗಾರೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ತೂತು ಅಷ್ಟೇ ಆಳವೆಂಬ ಭ್ರಮೆ ಹುಟ್ಟುತ್ತದೆ. ಚೂಪಾದ ಮೊಳೆ ಅಥವಾ ಹಳೆಯ ಸ್ಕ್ರೂಡ್ರೈವರ್‌ನಿಂದ ಕೆರೆದು, ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು, ತಳ ಹೊಳೆಯುವವರೆಗೂ ಬಿಡಬೇಡಿ. ಕೆಸರು ಉಳಿದರೆ ಕೀಲಿ ಅರ್ಧದಷ್ಟು ಮಾತ್ರ ಒಳಗೆ ಹೋಗಿ, ಬಲ ಹಾಕಿದೊಡನೆ ಮೂಲೆಗಳನ್ನು ಸವೆಸಿಕೊಂಡು ಹೊರಬರುತ್ತದೆ. ಆ ಒಂದು ಜಾರುವಿಕೆಯಿಂದ ಹದಿನೈದು ನಿಮಿಷದ ಕೆಲಸ ವಾರದ ಕೆಲಸವಾಗುತ್ತದೆ.

ಅಳತೆಯನ್ನು ಕಣ್ಣಂದಾಜಿನಿಂದ ನಿರ್ಧರಿಸಬೇಡಿ. ವರ್ನಿಯರ್ ಇದ್ದರೆ ಅಳೆಯಿರಿ, ಇಲ್ಲದಿದ್ದರೆ ಸಾಕೆಟ್ ಹಾಕಿ ಆಟ ಎಷ್ಟಿದೆ ನೋಡಿ. ಹಳೆಯ ಜೀಪುಗಳಲ್ಲಿ ಇಂಚಿನ ಅಳತೆಯ ಪ್ಲಗ್‌ಗಳು ಇರಬಹುದು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, ಅದಕ್ಕೆ 12 ಮಿಲಿಮೀಟರಿನ ಕೀಲಿ ಹಾಕಿದರೆ ಮೂಲೆ ಸವೆಯುವುದು ಖಚಿತ. ಅರ್ಧ ಇಂಚಿನ ಚೌಕ ತೂತಿಗೆ, ಸಾಕೆಟ್ ತಿರುಗಿಸುವ ಹಿಡಿಯಾದ ರ‍್ಯಾಚೆಟ್ಟಿನ ಚೌಕ ತುದಿಯನ್ನೇ ನೇರವಾಗಿ ತೂರಿಸುವ ರೂಢಿ ಗ್ಯಾರೇಜುಗಳಲ್ಲಿದೆ. ಸಡಿಲವಾಗಿರುವ ಪ್ಲಗ್‌ಗೆ ಅದು ಸಾಕು. ಕಚ್ಚಿಕೊಂಡ ಪ್ಲಗ್‌ಗೆ ಸಾಲದು, ಏಕೆಂದರೆ ಆ ತುದಿಯ ಅಂಚುಗಳನ್ನು ಗುಂಡಗೆ ಮಾಡಿರುತ್ತಾರೆ, ಒಂದು ಮುಖದಲ್ಲಿ ಸಾಕೆಟ್ ಹಿಡಿಯುವ ಗುಂಡು ಇರುತ್ತದೆ. ಗಟ್ಟಿ ಉಕ್ಕಿನ ಚೌಕ ಸರಳಿನ ತುಂಡನ್ನು ಅರದಿಂದ ತಿದ್ದಿ, ತೂತಿಗೆ ಸುತ್ತಿಗೆಯಿಂದ ತಟ್ಟಿ ಕೂರಿಸಬೇಕಾಗುವಷ್ಟು ಬಿಗಿಯಾಗಿ ಹೊಂದಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಕೀಲಿ ಬೇರೆ ಇಲ್ಲ.

ಹೊರಗೆ ಆರು ಮೂಲೆಯ ತಲೆ ಇರುವ ಪ್ಲಗ್‌ಗೆ ಹನ್ನೆರಡು ಮೂಲೆಯ ಸಾಕೆಟ್ ಬೇಡ, ಆರು ಮೂಲೆಯದೇ ಬೇಕು. ಹನ್ನೆರಡು ಮೂಲೆಯದು ತಲೆಯ ತುತ್ತತುದಿಯನ್ನು ಮಾತ್ರ ಹಿಡಿದರೆ ಆರು ಮೂಲೆಯದು ಪಕ್ಕದ ಮುಖವನ್ನು ಒತ್ತುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಮಂದಿ ಗಮನಿಸುವುದಿಲ್ಲ. ಸಾಕೆಟ್ ನಟ್ಟಿನ ಮೇಲೆ ಸುಲಭವಾಗಿ ಕೂರಲೆಂದು ಅದರ ಬಾಯಿಯ ಒಳ ಅಂಚನ್ನು ಇಳಿಜಾರಾಗಿ ಕಡೆದಿರುತ್ತಾರೆ. ಡಿಫರೆನ್ಷಿಯಲ್ ಪ್ಲಗ್‌ಗಳ ತಲೆ ತೆಳುವಾಗಿರುವುದರಿಂದ, ಆ ಇಳಿಜಾರಿನಲ್ಲೇ ತಲೆಯ ಕಾಲುಭಾಗ ಹಿಡಿತವಿಲ್ಲದೆ ಹೋಗುತ್ತದೆ. ಹಳೆಯ ಸಾಕೆಟ್ ಒಂದರ ಬಾಯಿಯನ್ನು ಗ್ರೈಂಡರ್‌ನಲ್ಲಿ ಒಂದೆರಡು ಮಿಲಿಮೀಟರ್ ಸಮತಟ್ಟಾಗಿ ಉಜ್ಜಿ ಇಟ್ಟುಕೊಂಡರೆ ಹಿಡಿತ ಬೇರೆಯದೇ ಆಗುತ್ತದೆ.

ನೆನೆಸುವುದು, ತಟ್ಟುವುದು, ತಿರುಗಿಸುವುದು

ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಸ್ಪ್ಯಾನರ್ ಹಚ್ಚಿದರೆ ಪ್ರಯೋಜನ ಕಡಿಮೆ. ಫಿಲ್ಲರ್ ಪ್ಲಗ್ ಅಡ್ಡವಾಗಿ ಕೂತಿರುವುದರಿಂದ ಹೊಡೆದ ಎಣ್ಣೆ ಅಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಹತ್ತಿಯನ್ನೋ ಹಳೆಯ ಬನಿಯನ್ ಬಟ್ಟೆಯನ್ನೋ ಉಂಗುರದಂತೆ ಸುತ್ತಿ, ಸ್ಪ್ರೇಯಲ್ಲಿ ತೋಯಿಸಿ, ಪ್ಲಗ್‌ನ ಅಂಚಿಗೆ ಒತ್ತಿ, ಮೇಲಿನಿಂದ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೊಮ್ಮೆ ತೋಯಿಸಿ. ನಮ್ಮ ಕಡೆ ಡೀಸೆಲ್ ಅಥವಾ ಸೀಮೆಎಣ್ಣೆ ಹಾಕುವ ಪದ್ಧತಿಯೂ ಇದೆ. ವಿಶೇಷ ಸ್ಪ್ರೇಯಷ್ಟು ಪರಿಣಾಮಕಾರಿಯಲ್ಲದಿದ್ದರೂ ಏನೂ ಇಲ್ಲದಿರುವುದಕ್ಕಿಂತ ವಾಸಿ. ಇವೆಲ್ಲವೂ ಬೆಂಕಿ ಹಿಡಿಯುವ ವಸ್ತುಗಳೆಂಬುದು ನೆನಪಿರಲಿ.

ನೆನೆದ ಪ್ಲಗ್‌ಗೆ ಮುಂದಿನ ಮದ್ದು ಸುತ್ತಿಗೆ. ಪ್ಲಗ್‌ನ ನಡುಭಾಗಕ್ಕೆ ಹಿತ್ತಾಳೆಯ ಅಥವಾ ಮೆದು ಕಬ್ಬಿಣದ ಸರಳಿನ ತುಂಡನ್ನು ಒತ್ತಿಹಿಡಿದು, ಒಂದು ಕಿಲೋ ತೂಕದ ಸುತ್ತಿಗೆಯಿಂದ ನೇರವಾಗಿ, ಗಟ್ಟಿಯಾಗಿ, ಎಂಟು ಹತ್ತು ಸಲ ಹೊಡೆಯಿರಿ. ಹೊಡೆತದ ಅದುರುವಿಕೆ ಥ್ರೆಡ್‌ನಲ್ಲಿರುವ ತುಕ್ಕನ್ನು ಸಣ್ಣದಾಗಿ ಬಿರುಕು ಬಿಡಿಸಿ, ಎಣ್ಣೆ ಒಳಗೆ ಇಳಿಯಲು ದಾರಿ ಮಾಡುತ್ತದೆ. ಹೊಡೆಯಬೇಕಾದದ್ದು ಪ್ಲಗ್‌ಗೆ ಮಾತ್ರ, ಹೌಸಿಂಗ್‌ಗಲ್ಲ. ಎರಕದ ಕಬ್ಬಿಣವೂ ಎರಕದ ಅಲ್ಯೂಮಿನಿಯಂ ಕೂಡ ಬಗ್ಗುವುದಿಲ್ಲ, ಸೀಳುತ್ತವೆ. ಅಲ್ಯೂಮಿನಿಯಂ ಹೌಸಿಂಗ್ ಆದರೆ ಹೊಡೆತ ಅರ್ಧಕ್ಕೆ ಇಳಿಸಿ. ಹೊಡೆದ ಮೇಲೆ ಇನ್ನೊಮ್ಮೆ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ.

ಇನ್ನು ತಿರುಗಿಸುವ ಸರದಿ. ರ‍್ಯಾಚೆಟ್ ಬೇಡ, ಅದರೊಳಗಿನ ಹಲ್ಲು ಇಷ್ಟು ಬಲಕ್ಕೆ ಮಾಡಿದ್ದಲ್ಲ. ಸುಮಾರು 60 ಸೆಂಟಿಮೀಟರ್ ಉದ್ದದ ಬ್ರೇಕರ್ ಬಾರ್, ಅಂದರೆ ಒಳಗೆ ಹಲ್ಲಿಲ್ಲದ ಗಟ್ಟಿ ಹಿಡಿ, ಬೇಕು. ಅದರ ತುದಿಯಲ್ಲಿ 40 ಕಿಲೋ ತೂಕದಷ್ಟು ಬಲ ಹಾಕಿದರೆ ಪ್ಲಗ್‌ಗೆ ಸುಮಾರು 235 ನ್ಯೂಟನ್ ಮೀಟರ್ ತಿರುಚುಬಲ ಸಿಗುತ್ತದೆ. ಹಲವು ಗಾಡಿಗಳಲ್ಲಿ ಈ ಪ್ಲಗ್‌ಗಳನ್ನು ಬಿಗಿಯಬೇಕಾದ ಅಳತೆ 60 ನ್ಯೂಟನ್ ಮೀಟರಿನ ಒಳಗೇ ಇರುವುದರಿಂದ ಇದು ನಾಲ್ಕು ಪಟ್ಟು ಬಲವಾಯಿತು. ಇಷ್ಟಕ್ಕೂ ಅಲುಗದಿದ್ದರೆ ಇನ್ನೂ ಉದ್ದದ ಪೈಪ್ ತೂರಿಸುವ ಬದಲು ಬಿಸಿಯ ವಿಧಾನಕ್ಕೆ ಹೋಗುವುದೇ ವಿವೇಕ.

ತಿರುಗಿಸುವ ದಿಕ್ಕನ್ನು ಸೀಮೆಸುಣ್ಣದಿಂದ ಹೌಸಿಂಗ್ ಮೇಲೆ ಬಾಣದಂತೆ ಬರೆದುಕೊಳ್ಳಿ. ಪ್ಲಗ್‌ನ ಮುಖವನ್ನು ನೇರವಾಗಿ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ಸಡಿಲವಾಗುತ್ತದೆ. ಆದರೆ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ, ತಲೆಯ ಹಿಂದಿರುವ ಪ್ಲಗ್‌ಗೆ ಕೈ ಚಾಚಿದಾಗ ಎಡಬಲ ತಿರುಗುಮುರುಗಾಗಿ, ಅನುಭವಿಗಳೂ ಬಿಗಿಯುವ ಕಡೆಗೇ ಜಗ್ಗಿದ್ದುಂಟು.

ಸಾಕೆಟ್ ಅಥವಾ ಕೀಲಿಯನ್ನು ಸುತ್ತಿಗೆಯಿಂದ ತಟ್ಟಿ ಪೂರ್ತಿ ಕೂರಿಸಿದ ಮೇಲೆ, ಅದು ಓರೆಯಾಗಿ ಹೊರಜಾರದಂತೆ ಒಂದು ಕೈ ಸಾಕೆಟ್ಟಿನ ಹಿಂಭಾಗವನ್ನು ಒತ್ತಿ ಹಿಡಿದಿರಬೇಕು. ಕೈಬಲ ಸಾಲದಿದ್ದರೆ ಸಾಕೆಟ್ಟಿನ ಹಿಂಭಾಗಕ್ಕೂ ಎದುರಿಗಿರುವ ಚಾಸಿ ಅಥವಾ ನೆಲಕ್ಕೂ ನಡುವೆ ಮರದ ತುಂಡನ್ನು ಬೆಣೆಯಂತೆ ಕೊಡಬಹುದು. ಡ್ರೈನ್ ಪ್ಲಗ್ ಕೆಳಮುಖವಾಗಿರುವುದರಿಂದ ಅಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಬಾರನ್ನು ಜಾಕ್‌ನಿಂದ ಮೇಲೆತ್ತಿ ಬಲ ಹಾಕುವ ಅಭ್ಯಾಸವನ್ನು ಕೆಲವರಲ್ಲಿ ಕಂಡಿದ್ದೇನೆ, ದಯವಿಟ್ಟು ಮಾಡಬೇಡಿ. ಪ್ಲಗ್ ಬರುವ ಮೊದಲು ಗಾಡಿಯೇ ಸ್ಟ್ಯಾಂಡ್ ಬಿಟ್ಟು ಏಳಬಹುದು, ಬಾರು ಜಾರಿದರೆ ಮುಖಕ್ಕೆ ಬಡಿಯಬಹುದು.

ಮೊದಲ ಬಲವನ್ನು ಬಿಗಿಯುವ ಕಡೆಗೇ ಹಾಕಿ, ಒಂದು ಕೂದಲೆಳೆಯಷ್ಟು. ತುಕ್ಕಿನ ಹಿಡಿತ ಬಿಡಿಸುವುದಷ್ಟೇ ಇಲ್ಲಿ ಗುರಿ. ಕಚ್ಚಿದ ಪ್ಲಗ್ ಯಾವ ದಿಕ್ಕಿಗೆ ಅಲುಗಿದರೂ ಲಾಭವೇ. ಮೊನಚಾಗುತ್ತ ಹೋಗುವ ಥ್ರೆಡ್‌ಗೆ ಮಾತ್ರ ಈ ಉಪಾಯ ಬೇಡ, ಅದು ಇನ್ನಷ್ಟು ಒಳಗೆ ಕಚ್ಚಿಕೊಳ್ಳುತ್ತದೆ. ಅನಂತರ ಸಡಿಲಿಸುವ ದಿಕ್ಕಿಗೆ ಬಾರನ್ನು ನಿಧಾನವಾಗಿ ತುಂಬು ಬಲದವರೆಗೆ ಒಯ್ದು ಹಿಡಿದಿರಿ. ಹಾಗೆ ಹಿಡಿದಿರುವಾಗಲೇ ಇನ್ನೊಬ್ಬರು ಸಾಕೆಟ್ಟಿನ ಹಿಂಭಾಗಕ್ಕೆ ಸುತ್ತಿಗೆಯಿಂದ ಸಣ್ಣ ಪೆಟ್ಟುಗಳನ್ನು ಕೊಟ್ಟರೆ, ಜಗ್ಗಾಟದಿಂದ ಬರದ ಪ್ಲಗ್ ಹಲವು ಸಲ ಇಲ್ಲಿ ‘ಟಕ್’ ಎಂದು ಬಿಡುತ್ತದೆ. ಸಾಧ್ಯವಿದ್ದಷ್ಟೂ ಬಾರನ್ನು ನಿಮ್ಮ ಕಡೆಗೆ ಎಳೆಯಿರಿ. ತಳ್ಳಲೇಬೇಕಾದರೆ ಮುಷ್ಟಿ ಕಟ್ಟದೆ ಅಂಗೈಯಿಂದ ತಳ್ಳಿ, ಜಾರಿದಾಗ ಬೆರಳ ಗೆಣ್ಣುಗಳು ಕಮಾನು ಪಟ್ಟಿಗೆ ಬಡಿಯುವುದಿಲ್ಲ.

ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್ ಸಿಕ್ಕಿದರೆ ಬಿಡಬೇಡಿ. ಒಂದೇ ಸಮನೆ ಎಳೆಯುವ ಬಲಕ್ಕಿಂತ ಅದರ ಚಿಕ್ಕ ಚಿಕ್ಕ ಹೊಡೆತಗಳು ತುಕ್ಕಿನ ಮೇಲೆ ಹೆಚ್ಚು ಕೆಲಸ ಮಾಡುತ್ತವೆ. ಇಂಪ್ಯಾಕ್ಟ್‌ಗೆಂದೇ ಮಾಡಿದ ಕಪ್ಪು ಸಾಕೆಟ್ ಹಾಕಿ, ಎರಡು ಮೂರು ಸೆಕೆಂಡಿನಂತೆ ಬಿಟ್ಟು ಬಿಟ್ಟು ಕೊಡಿ. ಹೊಳೆಯುವ ಕ್ರೋಮ್ ಸಾಕೆಟ್‌ಗಳು ಇದಕ್ಕೆ ಒಡೆದು ಚೂರಾಗಿ ಸಿಡಿಯಬಹುದು.

ಬಿಸಿಯ ಸಹಾಯ

ಯಾವುದಕ್ಕೂ ಮೊದಲು ಗಾಡಿಯನ್ನು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಒಳಗಿನ ಎಣ್ಣೆ ಬಿಸಿಯಾಗಿ ಇಡೀ ಹೌಸಿಂಗ್ ಬೆಚ್ಚಗಾಗಿರುತ್ತದೆ. ಮುಂದೆ ಬಸಿಯುವುದಕ್ಕೂ ಇದೇ ಅನುಕೂಲ. ಸಾಲದಿದ್ದರೆ ಹೀಟ್ ಗನ್‌ನಿಂದ ಪ್ಲಗ್‌ನ ಸುತ್ತಲಿನ ಹೌಸಿಂಗ್ ಅನ್ನು ಐದು ಹತ್ತು ನಿಮಿಷ ಕಾಯಿಸಿ, ತಡಮಾಡದೆ ಬಾರು ಹಾಕಿ. ಹಿಂದೆ ಹೊಡೆದ ಸ್ಪ್ರೇಯನ್ನು ಪೂರ್ತಿ ಒರೆಸಿ ಒಣಗಿಸಿದ ಮೇಲೆಯೇ ಈ ಕೆಲಸಕ್ಕೆ ಇಳಿಯಿರಿ.

ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 24 ಮಿಲಿಮೀಟರ್ ವ್ಯಾಸದ ಉಕ್ಕಿನ ಪ್ಲಗ್ ಕೂತ ಅಲ್ಯೂಮಿನಿಯಂ ಹೌಸಿಂಗ್ ಅನ್ನು 80 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ಸಂದು ಹುಟ್ಟುತ್ತದೆ. ಕಣ್ಣಿಗೆ ಕಾಣದ ಈ ಸಂದೇ ಸಾಕು. ಎರಕದ ಕಬ್ಬಿಣದ ಹೌಸಿಂಗ್ ಮಾತ್ರ ಉಕ್ಕಿನಷ್ಟೇ ಹಿಗ್ಗುವುದರಿಂದ ಅಲ್ಲಿ ಬಿಸಿಯ ಪ್ರಯೋಜನ ಬೇರೆ ಬಗೆಯದು: ಕಾಯಿಸಿ, ಆರಲು ಬಿಟ್ಟು, ಮತ್ತೆ ಕಾಯಿಸಿದಾಗ ಎರಡೂ ಲೋಹಗಳು ಒಂದರ ಹಿಂದೆ ಒಂದು ಅಲುಗಿ ತುಕ್ಕು ಒಡೆಯುತ್ತದೆ, ಥ್ರೆಡ್‌ಗೆ ಹಚ್ಚಿದ್ದ ಗಟ್ಟಿ ಸೀಲಂಟ್ ಇದ್ದರೆ ಮೆತ್ತಗಾಗುತ್ತದೆ. ಎರಡು ಮೂರು ಸಲ ಹೀಗೆ ಮಾಡಬೇಕಾಗಬಹುದು.

ಗ್ಯಾಸ್ ಬೆಂಕಿಯನ್ನು ಮನೆಯಲ್ಲಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಹಿಂದಿನ ಆಕ್ಸಲ್‌ನ ಹತ್ತಿರದಲ್ಲೇ ಇಂಧನದ ಟ್ಯಾಂಕ್ ಇರುತ್ತದೆ, ಆಕ್ಸಲ್‌ನ ಮೇಲೆಯೇ ಬ್ರೇಕ್ ಪೈಪ್ ಹಾದುಹೋಗಿರುತ್ತದೆ, ಪಿನಿಯನ್‌ನ ರಬ್ಬರ್ ಸೀಲ್ ಅಂಗೈ ದೂರದಲ್ಲಿ ಇರುತ್ತದೆ. ಹೀಟ್ ಗನ್ ಸಾಲದಷ್ಟು ಹಠದ ಪ್ಲಗ್ ಆದರೆ ಅದು ವೆಲ್ಡಿಂಗ್ ಬಲ್ಲವರ ಕೆಲಸ.

ಮೂಲೆ ಸವೆದುಹೋದಾಗ

ಹೊರತಲೆಯ ಮೂಲೆ ಸವೆದಿದ್ದರೆ ಮೊದಲು ಅರದಿಂದ ಉಜ್ಜಿ ಒಂದು ಅಳತೆ ಕಡಿಮೆಯ ಸಾಕೆಟ್ಟಿಗೆ, ಉದಾಹರಣೆಗೆ 24ರ ಬದಲು 22ಕ್ಕೆ, ಬಿಗಿಯಾಗಿ ಹೊಡೆದು ಕೂರಿಸಿ ನೋಡಿ. ಸವೆದ ತಲೆಯನ್ನು ಕಚ್ಚಿ ಹಿಡಿಯುವ ಸುರುಳಿ ಹಲ್ಲಿನ ಎಕ್ಸ್‌ಟ್ರಾಕ್ಟರ್ ಸಾಕೆಟ್‌ಗಳೂ ಸಿಗುತ್ತವೆ. ತಲೆ ಎತ್ತರವಾಗಿದ್ದರೆ ಪೈಪ್ ರೆಂಚ್ ಸಾಕು. ಒಳತೂತು ಸವೆದಿದ್ದರೆ, ತುಸು ದೊಡ್ಡದಾದ ನಕ್ಷತ್ರಾಕಾರದ ಟಾರ್ಕ್ಸ್ ಬಿಟ್ ಅನ್ನು ಸುತ್ತಿಗೆಯಿಂದ ಒಳಹೊಡೆದರೆ ಅದು ಹೊಸ ಹಲ್ಲು ಕೊರೆದುಕೊಂಡು ಹಿಡಿಯುತ್ತದೆ. ಇದಕ್ಕೂ ಬಗ್ಗದಿದ್ದರೆ ಕಬ್ಬಿಣ ಕಡಿಯುವ ಉಳಿಯಿಂದ ತಲೆಯ ಅಂಚಿನಲ್ಲಿ ಮೊದಲು ನೇರವಾಗಿ ಒಂದು ಕಚ್ಚು ಮಾಡಿ, ಆಮೇಲೆ ಉಳಿಯನ್ನು ಓರೆ ಹಿಡಿದು ಸಡಿಲವಾಗುವ ದಿಕ್ಕಿಗೆ ಹೊಡೆಯುವ ಹಳೆಯ ಉಪಾಯವಿದೆ. ಪ್ಲಗ್ ಹಾಳಾಗುತ್ತದೆ, ಆದರೆ ಹೊಸ ಪ್ಲಗ್‌ಗೆ ಹೌಸಿಂಗ್‌ಗಿಂತ ಬಹಳ ಕಡಿಮೆ ಬೆಲೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಖಚಿತವಾದ ದಾರಿಯೆಂದರೆ ಸವೆದ ಪ್ಲಗ್‌ನ ಮೇಲೆ ಒಂದು ದೊಡ್ಡ ನಟ್ ಇಟ್ಟು, ಅದರ ತೂತಿನೊಳಗಿನಿಂದ ವೆಲ್ಡ್ ಮಾಡಿಸುವುದು. ಹಿಡಿಯಲು ಹೊಸ ತಲೆಯೂ ಸಿಗುತ್ತದೆ, ವೆಲ್ಡಿಂಗ್‌ನ ಕಾವು ಥ್ರೆಡ್‌ನ ತುಕ್ಕನ್ನೂ ಒಡೆಯುತ್ತದೆ. ಉಕ್ಕಿನ ಪ್ಲಗ್‌ಗೆ ಮಾತ್ರ ಇದು ಸಾಧ್ಯ. ಡ್ರೈನ್ ಮುಟ್ಟದಿದ್ದರೆ ಗಾಡಿಯನ್ನು ವೆಲ್ಡಿಂಗ್ ಅಂಗಡಿಗೆ ಓಡಿಸಿಕೊಂಡೇ ಹೋಗಬಹುದು. ಅಲ್ಲಿ ನಾಲ್ಕು ವಿಷಯಗಳನ್ನು ನೀವೇ ನಿಂತು ನೋಡಿಕೊಳ್ಳಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಅರ್ಥ್ ಕ್ಲಾಂಪ್ ಅನ್ನು ಪ್ಲಗ್‌ನ ಪಕ್ಕದಲ್ಲೇ ಹೌಸಿಂಗ್‌ಗೆ ಹಾಕಿರಬೇಕು. ಚಕ್ರಕ್ಕೋ ಪ್ರೊಪೆಲ್ಲರ್ ಶಾಫ್ಟಿಗೋ ಹಾಕಿದರೆ ವಿದ್ಯುತ್ ಬೇರಿಂಗ್‌ಗಳ ಮೂಲಕ ಹರಿದು ಅವುಗಳ ಮೈಮೇಲೆ ಗುಳಿ ಬೀಳುತ್ತದೆ. ಆಕ್ಸಲ್‌ನ ಮೇಲಿರುವ ಗಾಳಿ ಉಸಿರಾಟದ ಬ್ರೀದರ್ ಮುಚ್ಚಿಹೋಗಿರದೆ ತೆರೆದಿರಬೇಕು, ಅಗ್ನಿಶಾಮಕ ಸಿಲಿಂಡರ್ ಕೈಯಳತೆಯಲ್ಲಿರಬೇಕು. ಪ್ಲಗ್ ಅನ್ನು ಡ್ರಿಲ್ ಮಾಡುವುದನ್ನು ಕೊನೆಗೆ ಇಡಿ. ಲೋಹದ ಚೂರು ಕ್ರೌನ್ ಪಿನಿಯನ್ ಮೇಲೆ ಬೀಳುವ ಭಯ ಅದರಲ್ಲಿದೆ. ಮಾಡಲೇಬೇಕಾದರೆ ಬಿಟ್ಟಿಗೆ ಗ್ರೀಸ್ ಬಳಿದು ನಿಧಾನವಾಗಿ ಕೊರೆಯಿಸಿ, ಆಮೇಲೆ ಎಣ್ಣೆಯನ್ನು ಪೂರ್ತಿ ಬಸಿದು, ಅಗ್ಗದ ಎಣ್ಣೆಯಿಂದ ಒಮ್ಮೆ ತೊಳೆದು ಮತ್ತೆ ಬಸಿಯಬೇಕು.

ಇದನ್ನು ಓದುವ ಹೊತ್ತಿಗೆ ಯಾರಾದರೂ ಈಗಾಗಲೇ ಎಣ್ಣೆ ಬಸಿದು, ಮೇಲಿನ ಪ್ಲಗ್ ಬರದೆ ಕೂತಿದ್ದರೆ ಅವರಿಗೂ ಒಂದು ದಾರಿಯಿದೆ. ಬ್ರೀದರ್ ಅನ್ನು ಬಿಚ್ಚಿ, ಆ ತೂತಿಗೆ ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ತೂರಿಸಿ, ಆಲಿಕೆಯಿಂದ ಎಣ್ಣೆಯನ್ನು ಎಳೆ ಎಳೆಯಾಗಿ ಇಳಿಸಬಹುದು. ಎಣ್ಣೆಯ ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಬೇಗ ಇಳಿಯುತ್ತದೆ. ಮಟ್ಟ ನೋಡಲು ತೂತಿಲ್ಲವಾದ್ದರಿಂದ ಗಾಡಿಯ ಕೈಪಿಡಿಯಲ್ಲಿ ಹೇಳಿದ ಪ್ರಮಾಣವನ್ನು ಅಳೆದೇ ಹಾಕಬೇಕು. ಕುಂದಾಪುರದಲ್ಲಿ ನನ್ನ ಗಾಡಿ ಅಂಗಳ ಬಿಟ್ಟು ವೆಲ್ಡಿಂಗ್ ಅಂಗಡಿ ತಲುಪಿದ್ದು ಹೀಗೆಯೇ.

ಕಳಚಿದ ಮೇಲೆ

ಮೇಲಿನದು ಬಂದ ಮೇಲೆ ಅಗಲವಾದ ಪಾತ್ರೆಯಿಟ್ಟು ಕೆಳಗಿನದನ್ನು ಇದೇ ಕ್ರಮದಲ್ಲಿ ಕಳಚಿ. ಬಿಸಿ ಎಣ್ಣೆ ಅಂದುಕೊಂಡದ್ದಕ್ಕಿಂತ ದೂರ ಚಿಮ್ಮುತ್ತದೆ. ಗಂಧಕದ ಅಂಶವಿರುವ ಅದರ ವಾಸನೆ ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ, ಆದ್ದರಿಂದ ಕೈಗವಸು ಹಾಕಿಕೊಳ್ಳಿ. ಡ್ರೈನ್ ಪ್ಲಗ್‌ನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ ಬೂದು ಬಣ್ಣದ ನುಣುಪು ಪೇಸ್ಟ್ ಸಹಜ ಸವಕಳಿ. ಉಗುರಿಗೆ ಸಿಗುವಂಥ ಚೂರುಗಳು, ಹಲ್ಲಿನ ತುಂಡು ಕಂಡರೆ ಒಳಗೆ ಕೆಲಸವಿದೆ ಎಂದೇ ಅರ್ಥ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಬ್ರೀದರ್ ಮತ್ತು ಸೀಲ್‌ಗಳನ್ನು ಪರೀಕ್ಷಿಸಿ.

ಎರಡೂ ಕಡೆಯ ಥ್ರೆಡ್ ಒರೆಸಿ, ಪ್ಲಗ್ ಅನ್ನು ಬೆರಳಿನಿಂದಲೇ ಕನಿಷ್ಠ ಮೂರು ಸುತ್ತು ತಿರುಗಿಸಿ ಕೂರಿಸಿ. ವಾಷರ್ ಇರುವ ಪ್ಲಗ್‌ಗೆ ಪ್ರತಿ ಸಲವೂ ಹೊಸ ವಾಷರ್ ಹಾಕಿ, ಕೈಪಿಡಿಯ ಅಳತೆಗೆ, ಬಲ ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ; ಥ್ರೆಡ್‌ಗೆ ಎಣ್ಣೆಯೋ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟೋ ಹಚ್ಚಿದ್ದರೆ ಜಾರುವಿಕೆ ಹೆಚ್ಚಿ ಅದೇ ಅಳತೆಗೆ ಪ್ಲಗ್ ಹೆಚ್ಚು ಬಿಗಿಯಾಗುತ್ತದೆ ಎಂಬುದನ್ನು ಗಮನದಲ್ಲಿಡಿ. ಮೊನಚು ಥ್ರೆಡ್‌ನ ಪ್ಲಗ್‌ಗೆ ವಾಷರ್ ಇಲ್ಲ, ತೆಳುವಾಗಿ ಥ್ರೆಡ್ ಸೀಲಂಟ್ ಸಾಕು. ಮೂಲೆ ಸ್ವಲ್ಪವಾದರೂ ಸವೆದ ಪ್ಲಗ್ ಅನ್ನು ಮತ್ತೆ ಹಾಕಬೇಡಿ.

ಎಣ್ಣೆಯ ದರ್ಜೆಯನ್ನು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಇಂಥ ಆಕ್ಸಲ್‌ಗಳಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಹೇಳಿರುತ್ತಾರೆ, ಲಾಕ್ ಆಗುವ ಅಥವಾ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಬೇರೆ ಎಣ್ಣೆ ಇರಬಹುದು. ಸಮತಟ್ಟಾಗಿ ನಿಂತ ಗಾಡಿಯಲ್ಲಿ ಫಿಲ್ಲರ್ ತೂತಿನ ಕೆಳ ಅಂಚಿನಿಂದ ಎಣ್ಣೆ ತೆಳ್ಳಗೆ ಹೊರ ಹರಿಯತೊಡಗಿದಾಗ ಮಟ್ಟ ಸರಿಯಾಯಿತು. ಬಸಿದ ಎಣ್ಣೆಯನ್ನು ಚರಂಡಿಗೋ ತೋಟದ ಮೂಲೆಗೋ ಸುರಿಯಬೇಡಿ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಕೊನೆಯದಾಗಿ, ಒಳತೂತಿನ ಪ್ಲಗ್ ಆದರೆ ಆ ತೂತಿಗೆ ಗಟ್ಟಿ ಗ್ರೀಸ್ ತುಂಬಿ, ಹೊರತಲೆಯ ಪ್ಲಗ್ ಆದರೆ ಅಂಚಿನ ಸುತ್ತ ಗ್ರೀಸ್ ಬಳಿಯಿರಿ; ಕೆಸರು ಮತ್ತು ನೀರು ಕೂರುವ ಜಾಗದಲ್ಲಿ ಗ್ರೀಸ್ ಕೂತಿರುತ್ತದೆ, ಮುಂದಿನ ಸಲ ಒಂದು ಬಟ್ಟೆಯಿಂದ ಒರೆಸಿದರೆ ಕೀಲಿ ತಳದವರೆಗೂ ಇಳಿಯುತ್ತದೆ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಎರಡೂ ಪ್ಲಗ್‌ಗಳ ಕೆಳಗೆ ಬಿಳಿಯ ಕಾಗದ ಒತ್ತಿ, ಎಣ್ಣೆಯ ಕಲೆ ಬೀಳುತ್ತದೆಯೇ ಎಂದು ನೋಡಿಕೊಳ್ಳಿ.